ಅವಳು ಬರಲಿಲ್ಲ, ನೀನು ಕರೆಯಲಿಲ್ಲ

ಪ್ರಶ್ನೆ: ಅಕ್ಕಾ, ನನಗೆ 38 ವರ್ಷ. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯಲ್ಲಿ ರೇಷ್ಮೆ ಹುಳ ಸಾಕುತ್ತೇವೆ. ಹೈಸ್ಕೂಲಿನಿಂದಲೂ ಜೊತೆಗಿರುವ ಗೆಳತಿ ಚಿಂತಾಮಣಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಅವಳ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ದಿನ ಊಟದ ಕ್ಯಾರಿಯರ್ ಹೊತ್ತುಕೊಂಡು ಹೋಗಿದ್ದೆ. ಕಳೆದ ಬೆಳೆಯಲ್ಲಿ ನಮ್ಮ ಹುಳವೆಲ್ಲ ಒಂದೇ ಸಲ ಹಣ್ಣಾಗಿ ಗೂಡು ಕಟ್ಟಲು ನಿಂತವು. ಮನೆಯವರ ಕಾಲು ಉಳುಕಿತ್ತು, ಆಳು ಸಿಗಲಿಲ್ಲ. ನಾನೂ ಮಗಳೂ ರಾತ್ರಿಯಿಡೀ ಆಯ್ದು, ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಟ್ಟರೂ ಎಷ್ಟೋ ಹುಳ ಸೊಪ್ಪಿನಲ್ಲೇ ಗೂಡು ಕಟ್ಟಿದವು. ಅವಳು ಬರಲಿಲ್ಲ. ಆಮೇಲೆ, "ನನಗೆ ಹೇಳಲೇ ಇಲ್ವಲ್ಲೇ" ಅಂದಳು. ಎರಡು ತಿಂಗಳಿಂದ ಮಾತು ಬಿಟ್ಟಿದ್ದೇನೆ. "ಈ ವಯಸ್ಸಲ್ಲಿ ಫ್ರೆಂಡ್ಸು ಯಾಕೆ, ಮನೆ ಇಲ್ವಾ" ಅಂತಾರೆ ಯಜಮಾನರು. ಇದು ಸ್ನೇಹವೇನಕ್ಕಾ?

ಉತ್ತರ: ತಂಗಿ, ಮೊದಲು ನಿನ್ನ ಯಜಮಾನರ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ಅಮೆರಿಕದ ಸಂಶೋಧಕಿ ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 2010ರಲ್ಲಿ 148 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಅವುಗಳಲ್ಲಿದ್ದವರು ಮೂರು ಲಕ್ಷಕ್ಕೂ ಹೆಚ್ಚು ಜನ. ನೆಂಟರು, ಸ್ನೇಹಿತರು, ನೆರೆಹೊರೆ ಎಂದು ಗಟ್ಟಿ ಒಡನಾಟ ಇದ್ದವರು ಬದುಕುಳಿಯುವ ಸಾಧ್ಯತೆ, ಇಲ್ಲದವರಿಗಿಂತ ಶೇ. 50ರಷ್ಟು ಹೆಚ್ಚಿತ್ತು. ಮನೆ ಬೇಕು, ನಿಜ. ಮನೆಯವರ ಮುಂದೆ ಆಡಲಾಗದ ಮಾತು ಆಡುವುದಕ್ಕೆ ಇನ್ನೊಬ್ಬರೂ ಬೇಕು. ಇದನ್ನು ಅವರಿಗೆ ಓದಿ ಹೇಳು.

ಇನ್ನು ನಿನ್ನ ವಿಷಯ. ನಿನ್ನ ಕಾಗದವನ್ನು ಮೂರು ಸಲ ಓದಿದೆ. ಆ ರಾತ್ರಿ ನೀನು ಅವಳಿಗೆ ಫೋನ್ ಮಾಡಿದ್ದೆ ಎಂಬ ಸಾಲು ಎಲ್ಲೂ ಇಲ್ಲ. ಚಿಂತಾಮಣಿಯಲ್ಲಿ ಕೂತು ಬಟ್ಟೆ ಹೊಲಿಯುವವಳಿಗೆ ನಿಮ್ಮ ಮನೆಯ ಹುಳ ಯಾವತ್ತು ಹಣ್ಣಾಗುತ್ತದೆಂದು ಹೇಗೆ ಗೊತ್ತಾಗಬೇಕಮ್ಮ? ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ಮುಯ್ಯಾಳು ಇತ್ತು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಆ ಮುಯ್ಯಾಳನ್ನೂ ಹಿಂದಿನ ಸಂಜೆ ಮನೆಗೆ ಹೋಗಿ ಕರೆದು ಬರುತ್ತಿದ್ದೆವು. ಕರೆಯದೆ ಯಾರೂ ಬರುತ್ತಿರಲಿಲ್ಲ, ಅದಕ್ಕೆ ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ.

ನಿನ್ನನ್ನು ಬಯ್ಯುತ್ತಿಲ್ಲ. ನಾನೂ ಇದೇ ತಪ್ಪು ಮಾಡಿದವಳು. ಹದಿನಾಲ್ಕು ವರ್ಷದ ಹಿಂದೆ ಬೆಂಗಳೂರಿನಲ್ಲಿ ನನಗೆ ಗರ್ಭಕೋಶದ ಆಪರೇಷನ್ ಆಯಿತು. ಪಕ್ಕದ ಬೀದಿಯ ಗೆಳತಿಗೆ ಹೇಳಲಿಲ್ಲ. ಅವಳಿಗೇ ನೂರು ತಾಪತ್ರಯ, ಸುಮ್ಮನೆ ತೊಂದರೆ ಯಾಕೆ ಅಂದುಕೊಂಡೆ. ತಿಂಗಳಾದ ಮೇಲೆ ಯಾರಿಂದಲೋ ತಿಳಿದು ಬಂದಳು. ಕೊಟ್ಟ ಕಾಫಿ ಮುಟ್ಟಲಿಲ್ಲ. "ನನ್ನ ಮಗಳ ಹೆರಿಗೆಗೆ ಮೂರು ರಾತ್ರಿ ನೀನು ಕೂತಿದ್ದೆ. ನಿನ್ನ ಹತ್ತಿರ ಕೂರುವುದಕ್ಕೆ ನಾನು ಲಾಯಕ್ಕಿಲ್ವಾ?" ಎಂದಳು. ಅವಳಿಗೆ ತೊಂದರೆ ತಪ್ಪಿಸಿದೆ ಅಂದುಕೊಂಡಿದ್ದೆ. ಅವಳಿಗೆ ಅದು ಬಾಗಿಲು ಹಾಕಿದಂತೆ ಆಗಿತ್ತು. ಆ ಕಾಫಿ ಲೋಟ ಇನ್ನೂ ನನ್ನ ಕಣ್ಣ ಮುಂದಿದೆ.

ಬರೀ ಕೊಡುತ್ತಲೇ ಇರುವವರು ಒಳ್ಳೆಯ ಸ್ನೇಹಿತರು ಎಂದು ನಮಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಯಾರು ಕಲಿಸಿದರೋ! ಒಬ್ಬರೇ ಕೊಡುತ್ತಿದ್ದರೆ ತೆಗೆದುಕೊಂಡವರು ಸಾಲಗಾರರ ಹಾಗೆ ಕುಗ್ಗುತ್ತಾರೆ, ಕೊಟ್ಟವರು ಒಳಗೊಳಗೇ ಲೆಕ್ಕ ಬರೆಯುತ್ತಾರೆ. ನಿನಗೆ ಆ ಹನ್ನೊಂದು ದಿನದ ಎಣಿಕೆ ಇಂದಿಗೂ ನೆನಪಿದೆ, ನೋಡು. 2022ರಲ್ಲಿ ಷುವಾನ್ ಝಾವೋ, ನಿಕೋಲಸ್ ಎಪ್ಲೀ ಎಂಬ ಇಬ್ಬರು ಸಂಶೋಧಕರು ಸಹಾಯ ಕೇಳುವ ಈ ಹಿಂಜರಿಕೆಯನ್ನೇ ಪರೀಕ್ಷಿಸಿದರು. ಸಹಾಯ ಕೇಳುವವರು ಅಂದುಕೊಂಡಿದ್ದಕ್ಕಿಂತ ಎದುರಿನವರಿಗೆ ಮಾಡುವ ಮನಸ್ಸು ಹೆಚ್ಚಿತ್ತು, ಮಾಡಿದ ಮೇಲೆ ಸಂತೋಷವೂ ಹೆಚ್ಚಿತ್ತು.

ಕರೆದರೂ ಬಾರದವಳು, ಪ್ರತಿಸಲ ನೆಪ ಹೇಳುವವಳು, ನಿನ್ನ ಮನೆಯ ಗುಟ್ಟನ್ನು ಅಂಗಡಿಗೆ ಬಂದವರ ಮುಂದೆ ಆಡುವವಳು ಆಗಿದ್ದರೆ ನನ್ನ ಉತ್ತರವೇ ಬೇರೆ. ಹಾಗೇನಾದರೂ ಇದ್ದರೆ ಮತ್ತೆ ಬರಿ. "ಹೇಳಲೇ ಇಲ್ವಲ್ಲೇ" ಎಂಬ ಮಾತಿನಲ್ಲಿ ನನಗೆ ಕೇಳಿಸಿದ್ದು ನೋವು.

ಹೋಗಿ ಮಾತಾಡು. ವಾಟ್ಸಾಪಿನಲ್ಲಿ ಬೇಡ, ಚಿಂತಾಮಣಿ ಎಷ್ಟು ದೂರ? "ನನಗೆ ಕೋಪ ಬಂದಿತ್ತು, ಕರೆಯದಿದ್ದದ್ದು ನನ್ನ ತಪ್ಪು" ಅನ್ನು, ಸಾಕು. ಮುಂದಿನ ಬೆಳೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ದಿನವೇ ಅವಳಿಗೆ ಫೋನ್ ಮಾಡು. ಅಲ್ಲಿಂದ ಹಣ್ಣಾಗುವುದಕ್ಕೆ ಇನ್ನೂ ಒಂದು ವಾರ ಇರುತ್ತದೆ. ಅಷ್ಟರಲ್ಲಿ ಅವಳು ಒಪ್ಪಿಕೊಂಡ ಬ್ಲೌಸುಗಳನ್ನು ಹೊಲಿದು ಮುಗಿಸಿ ಬರಬಹುದು.