ಗ್ಯಾರೇಜ್ ಕಟ್ಟೆ: ಹಳೇ ಎಂಜಿಬಿಗೆ ಯಾವ ಬುಷ್?

ಪ್ರಶ್ನೆ: ನಮಸ್ಕಾರ ಸಾರ್. ನಮ್ಮ ದೊಡ್ಡಪ್ಪನ 1967ರ ಎಂಜಿಬಿ (ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು) ಈಗ ನನ್ನ ಕೈಗೆ ಬಂದಿದೆ. ಸ್ಪೋಕ್ ವೀಲ್ ಗಾಡಿ. ಹನ್ನೆರಡು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಈಗೇನೋ ಓಡುತ್ತಿದೆ, ಆದರೆ ಹಂಪ್ ದಾಟಿದರೆ ಮುಂದಿನಿಂದ ಲಟಲಟ ಅನ್ನುತ್ತೆ. ಚಾಮುಂಡಿ ಬೆಟ್ಟ ಇಳಿಯುವಾಗ ಬ್ರೇಕ್ ಹಿಡಿದರೆ ಒಂದು ಕಡೆಗೆ ಎಳೆಯುತ್ತೆ. ಮೆಕ್ಯಾನಿಕ್ ನೋಡಿ, ಬುಷ್ (ಲೋಹದ ಭಾಗಗಳು ಕೂಡುವ ಕಡೆ ಏಟು ತಡೆಯುವ ಮೆತ್ತೆ) ಎಲ್ಲಾ ಹೋಗಿದೆ ಅಂದರು. ಇಂಗ್ಲೆಂಡಿನಿಂದ ತರಿಸಬೇಕು. ಒರಿಜಿನಲ್ ರಬ್ಬರ್, ವಿ8 ಬುಷ್, ಪಾಲಿಯುರೆಥೇನ್ (ಗಟ್ಟಿ ಪ್ಲಾಸ್ಟಿಕ್ಕಿನಂಥದ್ದು) ಅಂತ ಮೂರು ಬಗೆ ಇವೆಯಂತೆ. ಪಾಲಿ ಹಾಕಿಸಿಬಿಡು, ಮತ್ತೆ ಆ ಕಡೆ ತಿರುಗಿ ನೋಡೋ ಹಾಗಿಲ್ಲ ಅಂತಾರೆ ಸ್ನೇಹಿತರು. ಏನ್ ಮಾಡಲಿ?
ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಮುಂದಿನ ಲೋಯರ್ ಆರ್ಮ್‌ಗೆ (ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ತೋಳು) ವಿ8 ಬುಷ್ ತರಿಸಿ. ಎಲ್ಲಾ ಕಡೆಗೂ ಪಾಲಿ ಬೇಡ. ಆದರೆ ದುಡ್ಡು ಕಳಿಸುವ ಮುಂಚೆ ಒಂದು ಸಂಜೆ ಗಾಡಿಯ ಕೆಳಗೆ ಕಳೆಯಿರಿ, ಯಾಕಂದರೆ ಈ ಗಾಡಿಯಲ್ಲಿ ಲಟಲಟ ಅನ್ನುವುದೆಲ್ಲ ಬುಷ್ಷೇ ಆಗಿರಬೇಕು ಅಂತೇನಿಲ್ಲ.

ಮುಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಕೊಡಿ. ಬರೀ ಜಾಕಿ ನಂಬಿ ಕೆಳಗೆ ನುಗ್ಗಬೇಡಿ. ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಪ್ಲೇ, ಅಂದರೆ ಸಡಿಲಾಟ, ಇದ್ದರೆ ಮನೆಯವರು ಯಾರಿಗಾದರೂ ಬ್ರೇಕ್ ತುಳಿದು ಹಿಡಿಯಲು ಹೇಳಿ. ತುಳಿದಾಗ ಪ್ಲೇ ನಿಂತರೆ ವೀಲ್ ಬೇರಿಂಗ್ ಸಡಿಲ ಅಂತ ಅರ್ಥ. ತುಳಿದರೂ ಅಲ್ಲಾಡಿದರೆ ಕಿಂಗ್ ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ನೆಟ್ಟಗಿನ ಕಂಬಿ) ನೋಡಿ, ಅದರ ಮೇಲ್ತುದಿಯ ಟ್ರನಿಯನ್ (ಕೀಲು) ಬುಷ್ಷನ್ನೂ ನೋಡಿ. ಹನ್ನೆರಡು ವರ್ಷ ಗ್ರೀಸ್ ಕಾಣದ ಕಿಂಗ್ ಪಿನ್ ಅದು, ಪಾಪ. ಇನ್ನು ರಿವರ್ಸ್ ತೆಗೆದು ಮತ್ತೆ ಮುಂದೆ ಬಿಟ್ಟಾಗ ಒಂದು ಸಲ ಟಕ್ ಅಂದರೆ ಸ್ಪೋಕ್ ವೀಲಿನ ಹಬ್ ಮೇಲಿನ ಹಲ್ಲುಗಳು ಸವೆದಿರಬಹುದು. ಬ್ರೇಕ್ ಹಿಡಿದಾಗ ಎಳೆಯುವುದಕ್ಕೆ ಬುಷ್ ಕಾರಣ ಇರಬಹುದು, ಆದರೆ ಇಷ್ಟು ವರ್ಷ ನಿಂತ ಗಾಡಿಯಲ್ಲಿ ಒಂದು ಕಡೆಯ ಕ್ಯಾಲಿಪರ್ ಪಿಸ್ಟನ್ (ಬ್ರೇಕ್ ಪ್ಯಾಡ್ ಒತ್ತುವ ಭಾಗ) ಹಿಡಿದುಕೊಂಡಿರೋದೇ ಜಾಸ್ತಿ. ಅದನ್ನು ಮೊದಲು ಬಿಚ್ಚಿಸಿ.

ಕೊನೆಗೆ ಒಂದು ಉದ್ದನೆಯ ರಾಡ್ ತಗೊಂಡು ಲೋಯರ್ ಆರ್ಮ್ ಮತ್ತು ಕ್ರಾಸ್ ಮೆಂಬರ್ (ಅಡ್ಡ ತೊಲೆ) ನಡುವೆ ಕೊಟ್ಟು ಮೀಟಿ. ಬೆಳಕು ಹಿಡಿದು ನೋಡಿ. ರಬ್ಬರ್ ಒಂದು ಕಡೆ ಹಿಸುಕಿ ಆಚೆ ಬಂದಿದ್ದರೆ, ಇನ್ನೊಂದು ಕಡೆ ಕಾಗದದಷ್ಟು ತೆಳ್ಳಗಾಗಿದ್ದರೆ, ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಮುಟ್ಟಿದರೆ ಬೆರಳಿಗೆ ಕಪ್ಪು ಅಂಟು ಹತ್ತಿದರೆ ಎಂಜಿನ್ ಆಯಿಲ್ ಅದರ ಮೇಲೆ ಸೋರುತ್ತಿದೆ. ಆಗ ಸೋರಿಕೆ ನಿಲ್ಲಿಸಿ ಆಮೇಲೆ ಬುಷ್ ಹಾಕಿ. ಆಯಿಲ್ ಬಿದ್ದರೆ ಹೊಸ ರಬ್ಬರ್ ಕೂಡ ಉಬ್ಬಿ ಮೆತ್ತಗಾಗುತ್ತೆ. ಈ ಒಂದು ವಿಷಯದಲ್ಲಿ ಪಾಲಿ ಗಟ್ಟಿಗ, ಒಪ್ಪಬೇಕು.

ಈಗ ಆಯ್ಕೆ. ನಿಮ್ಮ ಗಾಡಿಯ ಒರಿಜಿನಲ್ ಬುಷ್ ಬರೀ ರಬ್ಬರಿನದು. ಒಂದೊಂದು ಆರ್ಮ್‌ಗೂ ಆ ಕಡೆ ಈ ಕಡೆಯಿಂದ ಎರಡು ತುಂಡು ತುರುಕಬೇಕು, ಗಾಡಿಗೆ ಒಟ್ಟು ಎಂಟು. ಈಗ ಸಿಗುವ ಅಗ್ಗದ ರಬ್ಬರ್ ಬೇಗ ಬಿರುಕು ಬಿಡುತ್ತೆ. 1973ರಿಂದ 76ರವರೆಗೆ ಎಂಜಿಯವರು ರೋವರ್‌ನ 3.5 ಲೀಟರ್ ವಿ8 ಎಂಜಿನ್ ಹಾಕಿ ಎಂಜಿಬಿ ಜಿಟಿ ವಿ8 ಮಾಡಿದರು. ಆ ಎಂಜಿನ್ ಭಾರ ಅಂತೇನಲ್ಲ, ಅಲ್ಯೂಮಿನಿಯಂ ಅದು, ಆದರೆ ಶಕ್ತಿ ಜಾಸ್ತಿ. ಅದಕ್ಕೆ ಹಾಕಿದ ಬುಷ್ಷಿನಲ್ಲಿ ಒಳಗೊಂದು ಹೊರಗೊಂದು ಲೋಹದ ಸ್ಲೀವ್ (ಕೊಳವೆ), ನಡುವೆ ಅಂಟಿಸಿದ ರಬ್ಬರ್. ಇದು ನಾಲ್ಕು ಸಾಕು. ನಿಮ್ಮ ಆರ್ಮ್‌ಗೆ ಏನೂ ಬದಲಾಯಿಸದೆ ಕೂರುತ್ತೆ. ಸ್ಟೀರಿಂಗ್ ಚುರುಕಾಗುತ್ತೆ, ಹಂಪ್ ದಾಟುವಾಗ ಸೊಂಟಕ್ಕೆ ಏಟು ಬೀಳಲ್ಲ.

ಪಾಲಿ ಕೆಟ್ಟದ್ದಲ್ಲ. ಅದು ರಬ್ಬರಿನ ಹಾಗೆ ತಿರುಚಿಕೊಳ್ಳಲ್ಲ, ಸ್ಲೀವ್ ಮೇಲೆ ಜಾರುತ್ತೆ. ಜಾರಬೇಕು ಅಂದರೆ ಸಿಲಿಕೋನ್ ಗ್ರೀಸ್ ಬೇಕು. ಧೂಳು ಸೇರಿ ಗ್ರೀಸ್ ಒಣಗಿತೋ, ಹಳೇ ಮರದ ಬಾಗಿಲಿನ ಹಾಗೆ ಕಿರ್ ಕಿರ್ ಶುರು. ಆಂಟಿ ರೋಲ್ ಬಾರ್ (ತಿರುವಿನಲ್ಲಿ ಗಾಡಿ ಹೆಚ್ಚು ವಾಲದ ಹಾಗೆ ಹಿಡಿಯುವ ಕಂಬಿ) ಇದ್ದರೆ ಅಲ್ಲಿ ಧಾರಾಳವಾಗಿ ಪಾಲಿ ಹಾಕಿ. ಹಿಂದಿನ ಲೀಫ್ ಸ್ಪ್ರಿಂಗಿಗೆ ಮಾತ್ರ ನಾನಂತೂ ಹಾಕಲ್ಲ. ತಿರುವಿನಲ್ಲಿ ಗಾಡಿ ವಾಲಿದಾಗ ಆ ಪಟ್ಟಿಗಳು ಸ್ವಲ್ಪ ತಿರುಚಬೇಕು, ಬುಷ್ ಅದಕ್ಕೆ ಜಾಗ ಕೊಡಬೇಕು ಅಲ್ವಾ? ಅದರ ಮುಂದಿನ ಕಣ್ಣಿಗೆ (ತುದಿಯ ತೂತು) ಅಂಟಿಸಿದ ರಬ್ಬರ್ ಬುಷ್, ಹಿಂದಿನ ಶ್ಯಾಕಲ್‌ಗೆ (ತೂಗುಕೊಂಡಿ) ಮಾಮೂಲಿ ರಬ್ಬರ್. ಅಷ್ಟೇ ಸಾಕು. ಕೊರಿಯರ್ರು ಕಸ್ಟಮ್ಸು ಅಂತ ಖರ್ಚು ಹೇಗೂ ಇದೆ, ಟ್ರನಿಯನ್ ಬುಷ್ ಸೇರಿಸಿ ಎಲ್ಲಾ ಒಂದೇ ಸಲ ತರಿಸಿಬಿಡಿ.

ಇನ್ನು ಫಿಟ್ಟಿಂಗ್. ಇಲ್ಲೇ ಎಲ್ಲರೂ ಎಡವೋದು, ನಾನೂ ಎಡವಿದ್ದೇನೆ. ನನ್ನ ಹಳೇ ಗಾಡಿಗೆ ಹೊಸ ಬುಷ್ ಹಾಕಿ, ಚಕ್ರ ಗಾಳಿಯಲ್ಲಿ ತೂಗಾಡುತ್ತಿರುವಾಗಲೇ ನಟ್ ಪೂರ್ತಿ ಬಿಗಿದೆ. ನಾಲ್ಕೇ ತಿಂಗಳಿಗೆ ರಬ್ಬರ್ ಹರಿದು ಬಂತು. ಅಂಗಡಿಯವರನ್ನು ಸುಮ್ನೆ ಬೈದೆ. ಆಗಿದ್ದೇನು ಅಂದರೆ, ಬಿಗಿದ ಕೂಡಲೇ ಒಳಗಿನ ಸ್ಲೀವ್ ಅಲ್ಲೇ ಕಚ್ಚಿಕೊಳ್ಳುತ್ತೆ. ಆಮೇಲೆ ಗಾಡಿ ಕೆಳಗಿಳಿದು ಆರ್ಮ್ ಮೇಲೇರಿದಾಗ ರಬ್ಬರ್ ಹಿಂಡಿದ ಬಟ್ಟೆ ಹಾಗೆ ತಿರುಚಿಕೊಂಡೇ ಇರುತ್ತೆ, ನಿಂತಾಗಲೂ. ಅದಕ್ಕೇ ನಟ್ ಬರೀ ಕೈಯಲ್ಲಿ ಕೂರಿಸಿ, ಗಾಡಿ ಚಕ್ರದ ಮೇಲೆ ಇಳಿಸಿ, ಒಂದೆರಡು ಸಲ ಬಾನೆಟ್ ಕಡೆ ಒತ್ತಿ ಕುಲುಕಿ, ಆಮೇಲೆ ಬಿಗಿಸಿ. ಹಿಂದಿನ ಲೀಫ್ ಸ್ಪ್ರಿಂಗಿನ ಮುಂದಿನ ಕಣ್ಣಿಗೂ ಇದೇ ಲೆಕ್ಕ.

ಬಿಚ್ಚುವಾಗ ಕಾಯಿಲ್ ಸ್ಪ್ರಿಂಗ್ ಹುಷಾರು. ಅದು ಒತ್ತಿ ಕೂತಿರುತ್ತೆ, ಕೈ ಮುರಿಯುವಷ್ಟು ಬಲ ಅದರಲ್ಲಿದೆ. ಕೆಳಗಿನ ಸ್ಪ್ರಿಂಗ್ ಪ್ಯಾನ್‌ಗೆ (ಸ್ಪ್ರಿಂಗ್ ಕೂರುವ ತಟ್ಟೆ) ಜಾಕಿ ಕೊಟ್ಟು, ಎದುರುಬದುರು ಎರಡು ಬೋಲ್ಟ್ ತೆಗೆದು ಉದ್ದನೆಯ ಥ್ರೆಡ್ ರಾಡ್ ಹಾಕಿ, ಉಳಿದವನ್ನು ಬಿಚ್ಚಿ ನಿಧಾನಕ್ಕೆ ಇಳಿಸಬೇಕು. ಈ ಗಾಡಿಯಲ್ಲಿ ಕೈ ಪಳಗಿರುವವರಿಗೇ ಕೊಡಿ. ಎಲ್ಲಾ ಮುಗಿದ ಮೇಲೆ ಟೋ ಇನ್ (ಮುಂದಿನ ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ) ನೋಡಿಸಿ, 1.5ರಿಂದ 2.5 ಮಿ.ಮೀ. ಒಳಗಿರಲಿ.

ಪ್ರಶ್ನೆ: ನನ್ನದು 1968ರ ಸ್ಟ್ಯಾಂಡರ್ಡ್ ಹೆರಾಲ್ಡ್. ಸ್ಪೋರ್ಟ್ಸ್ ಕಾರಲ್ಲ, ಆದರೂ ಕೇಳ್ತಿದ್ದೀನಿ. ನಮ್ಮೂರ ಲೇತ್‌ನವರು ಕಬ್ಬಿನ ಗಾಣಕ್ಕೆ, ಟ್ರ್ಯಾಕ್ಟರಿಗೆ ಬುಷ್ ಕಡೆದು ಕೊಡ್ತಾರೆ. ಇದಕ್ಕೂ ನೈಲಾನಿನಲ್ಲಿ ಮಾಡಿಕೊಡ್ತೀನಿ, ಜನ್ಮದಲ್ಲಿ ಹೋಗಲ್ಲ ಅಂತಿದ್ದಾರೆ. ಹಾಕಿಸಲಾ?
ಓದುಗರು, ಮಂಡ್ಯ

ಉತ್ತರ: ಬುಷ್ ಹೋಗಲ್ಲ, ಅದು ನಿಜ. ಅದನ್ನು ಹಿಡಿದಿರುವ ಬ್ರಾಕೆಟ್ ಹೋಗುತ್ತೆ. ವಿಶ್‌ಬೋನಿನ (ಚಕ್ರ ಹಿಡಿಯುವ ಕವಲು ತೋಳು) ಒಳತುದಿಗೆ ನೈಲಾನ್ ಬೇಡ, ಏಟೆಲ್ಲ ನೇರ ಚಾಸಿಗೆ ಹೊಡೆಯುತ್ತೆ. ನಿಮ್ಮ ಗಾಡಿ ಟ್ರಯಂಫ್ ಹೆರಾಲ್ಡನ್ನೇ ಮದ್ರಾಸಿನಲ್ಲಿ ಕಟ್ಟಿದ್ದು, ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿನ ಮುಂದಿನ ಸಸ್ಪೆನ್ಷನ್ ಇದರಿಂದಲೇ ಬಂದದ್ದು. ಹಾಗಾಗಿ ಸ್ಪಿಟ್‌ಫೈರ್ ಹೆಸರಲ್ಲಿ ಹುಡುಕಿ, ಅಳತೆ ತಾಳೆ ನೋಡಿ ತರಿಸಿ. ನೈಲಾನ್ ಬುಷ್ ಇರೋ ಜಾಗ ಇದರಲ್ಲೇ ಬೇರೆ ಇದೆ, ಚಕ್ರದ ಕಡೆ ಕೆಳಗಿನ ಟ್ರನಿಯನ್‌ನಲ್ಲಿ. ಅದನ್ನೂ ಜೊತೆಗೇ ತರಿಸಿಕೊಳ್ಳಿ. ಆ ಟ್ರನಿಯನ್‌ಗೆ ಮಾತ್ರ ಗ್ರೀಸ್ ಹೊಡೆಯಲು ಬಿಡಬೇಡಿ, ಎಷ್ಟೋ ಗ್ಯಾರೇಜಿನಲ್ಲಿ ಗನ್ ಸಿಕ್ಕಿದ ಕಡೆಗೆಲ್ಲ ಗ್ರೀಸೇ. ಅದಕ್ಕೆ 90ರ ಗೇರ್ ಆಯಿಲ್ ಬೇಕು. ತುಂಬಿದ ಮೇಲೆ ಸ್ವಲ್ಪ ಹೊರಗೆ ಜಿನುಗುತ್ತೆ, ಬ್ರೇಕಿಗೆ ತಾಗದ ಹಾಗೆ ಒರೆಸಿಕೊಳ್ಳಿ.