ಅಮ್ಮನಿಗೆ ದಿನಾ ಸುಳ್ಳು ಹೇಳುತ್ತಿದ್ದೇನೆ

ಪ್ರಶ್ನೆ: ಅಕ್ಕಾ, ನನಗೆ 18 ವರ್ಷ. ಮನೆ ಬಿಟ್ಟು ಬಂದು ಯೂನಿವರ್ಸಿಟಿ ಸೇರಿ ಏಳು ವಾರ ಆಯಿತು. ಕ್ಲಾಸಿನಲ್ಲಿ ಎಲ್ಲರೂ ಆಗಲೇ ಗುಂಪು ಕಟ್ಟಿಕೊಂಡಿದ್ದಾರೆ. ನಾನು ಒಳಗೆ ಹೋದರೆ ಎಲ್ಲರ ಕಣ್ಣೂ ನನ್ನ ಮೇಲೇ ಇದೆ ಅನ್ನಿಸುತ್ತದೆ. ಹಿಂದಿನ ಬೆಂಚಿನ ಮೂಲೆ ಹಿಡಿಯುತ್ತೇನೆ. ಪಾಠ ಅರ್ಥವಾಗದಿದ್ದರೂ ಕೇಳುವುದಿಲ್ಲ. ಊಟದ ಹೊತ್ತಿನಲ್ಲಿ ಒಬ್ಬಳೇ ಕೂರಲು ನಾಚಿಕೆಯಾಗಿ ಲೈಬ್ರರಿಗೆ ಹೋಗಿಬಿಡುತ್ತೇನೆ. ರಾತ್ರಿ ಅಮ್ಮ ಫೋನ್ ಮಾಡಿದರೆ ‘ಇಬ್ಬರು ಒಳ್ಳೇ ಫ್ರೆಂಡ್ಸ್ ಸಿಕ್ಕಿದ್ದಾರೆ’ ಅನ್ನುತ್ತೇನೆ. ಅವರಿಗೆ ಹೆಸರನ್ನೂ ಇಟ್ಟಿದ್ದೇನೆ! ಕೋರ್ಸ್ ಬಿಟ್ಟು ಮನೆಗೆ ಹೋಗಿಬಿಡಲಾ?

ಉತ್ತರ: ಅಕ್ಕಾ ಅಂತ ಕರೆದಿದ್ದೀಯ. ಹಾಗಾಗಿ ನೀವು-ಗೀವು ಬೇಡ, ನೀನು ಅಂತಲೇ ಬರೆಯುತ್ತೇನೆ.

ನಿನ್ನ ಪತ್ರ ಓದುತ್ತಾ ಲೈಬ್ರರಿಯ ಮಾತು ಬಂದ ಕಡೆ ನಿಂತುಬಿಟ್ಟೆ. ಮೊದಲ ವರ್ಷ ನಾನೂ ಊಟದ ಹೊತ್ತಿನಲ್ಲಿ ನೋಟಿಸ್ ಬೋರ್ಡ್ ಮುಂದೆ ನಿಂತು ಓದುವವಳ ಹಾಗೆ ನಟಿಸುತ್ತಿದ್ದೆ. ಯಾವ ಪರೀಕ್ಷೆ ಯಾವತ್ತು, ಯಾರ ಕೊಡೆ ಕಳೆದಿದೆ, ಎಲ್ಲಾ ಬಾಯಿಪಾಠ. ಆಗ ಮೊಬೈಲ್ ಇರಲಿಲ್ಲ. ಇದ್ದಿದ್ದರೆ ಅದರಲ್ಲೇ ಮುಖ ಹುದುಗಿಸುತ್ತಿದ್ದೆನೇನೋ.

ಈಗ ಒಂದು ಲೆಕ್ಕ ಹೇಳುತ್ತೇನೆ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವ ಪ್ರೊಫೆಸರ್, ಸ್ನೇಹ ಬೆಳೆಯಲು ಎಷ್ಟು ಹೊತ್ತು ಬೇಕು ಅಂತ ಅಳೆಯಲು ಹೊರಟರು. ನಿನ್ನ ಹಾಗೆ ಮೊದಲ ವರ್ಷಕ್ಕೆ ಸೇರಿದವರನ್ನೂ ಕೇಳಿದರು. 2018ರಲ್ಲಿ ಬಂದ ಅವರ ಲೆಕ್ಕದ ಪ್ರಕಾರ, ಬರೀ ಪರಿಚಯದವರು ತಕ್ಕಮಟ್ಟಿಗೆ ಸ್ನೇಹಿತರಾಗಲು ಸುಮಾರು 50 ಗಂಟೆ ಬೇಕು. ಆಪ್ತ ಗೆಳತಿ ಅನ್ನಿಸಿಕೊಳ್ಳಲು 200 ಗಂಟೆಗೂ ಜಾಸ್ತಿ. ನನಗೆ ಇಷ್ಟವಾಗಿದ್ದು ಇನ್ನೊಂದು ವಿಷಯ. ಕ್ಲಾಸಿನಲ್ಲಿ ಅಕ್ಕಪಕ್ಕ ಕೂತ ಹೊತ್ತು ಇದರಲ್ಲಿ ಅಷ್ಟಾಗಿ ಕೆಲಸಕ್ಕೆ ಬರಲಿಲ್ಲ. ಹರಟೆ ಹೊಡೆಯುತ್ತಾ, ತಿನ್ನುತ್ತಾ, ಸುಮ್ನೆ ಒಟ್ಟಿಗೆ ಕಳೆದ ಹೊತ್ತೇ ಕೆಲಸಕ್ಕೆ ಬಂದಿದ್ದು.

ಅಂದರೆ ನೀನು ಲೈಬ್ರರಿಯಲ್ಲಿ ಅಡಗಿ ಕಳೆಯುತ್ತೀಯಲ್ಲ, ಸ್ನೇಹ ಹುಟ್ಟುವುದು ಅದೇ ಹೊತ್ತಿನಲ್ಲಿ. ಏಳು ವಾರ, ವಾರಕ್ಕೆ ಐದು ದಿನ. 35 ಊಟದ ಹೊತ್ತು ಹೋಯಿತು. ಬೈಯುತ್ತಿಲ್ಲ. ನಾನು ನೋಟಿಸ್ ಬೋರ್ಡ್ ಮುಂದೆ ಕಳೆದದ್ದು ಇದಕ್ಕಿಂತ ಜಾಸ್ತಿಯೇ ಇರಬೇಕು. ನಿನ್ನಲ್ಲಿ ಧೈರ್ಯ ಇಲ್ಲ, ಮಾತು ಬರಲ್ಲ ಅಂತೆಲ್ಲಾ ಬರೆದುಕೊಳ್ಳಬೇಡ. ನಿನಗಿನ್ನೂ ಗಂಟೆ ಸೇರಿಲ್ಲ, ಅಷ್ಟೆ. ದಿನಕ್ಕೊಂದು ಗಂಟೆ ಅಂದರೂ 50 ಆಗಲು ಹತ್ತು ವಾರ ಬೇಕು. ಏಳು ವಾರಕ್ಕೇ ಸೋತೆ ಅಂದರೆ ಹೇಗೆ?

ಹಾಗಾದರೆ ಉಳಿದವರಿಗೆ ಗುಂಪು ಹೇಗಾಯಿತು ಅಂತ ಕೇಳುತ್ತೀಯ. ಮೊದಲ ವಾರದ ಗುಂಪುಗಳನ್ನು ಅಷ್ಟು ನಂಬಬೇಡ. ಒಬ್ಬರೇ ಇರಲು ಹೆದರಿ, ಪಕ್ಕದಲ್ಲಿ ಸಿಕ್ಕವರನ್ನು ಹಿಡಿದುಕೊಂಡವರೇ ಅಲ್ಲಿ ಬಹಳ ಮಂದಿ. ಆ ಗುಂಪುಗಳಲ್ಲಿ ಎಷ್ಟೋ ಗುಂಪುಗಳು ಒಂದು ವರ್ಷ ಕಳೆಯುವ ಹೊತ್ತಿಗೆ ಒಡೆದು ಬೇರೆಯಾಗಿರುತ್ತವೆ.

ಇನ್ನು ಎಲ್ಲರ ಕಣ್ಣೂ ನಿನ್ನ ಮೇಲಿದೆ ಅನ್ನುವ ಮಾತು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು ಒಂದು ತಮಾಷೆಯ ಪ್ರಯೋಗ ಮಾಡಿ 2000ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಮುಜುಗರ ತರಿಸುವ ಚಿತ್ರವಿರುವ ಟೀ ಶರ್ಟ್ ಹಾಕಿಸಿ, ಬೇರೆಯವರು ಕೂತಿದ್ದ ಕೋಣೆಯೊಳಗೆ ಕಳಿಸಿದರು. ಆಮೇಲೆ ಕೇಳಿದರೆ ‘ಹೆಚ್ಚುಕಮ್ಮಿ ಅರ್ಧ ಜನ ಗಮನಿಸಿರುತ್ತಾರೆ’ ಅಂದರು. ನಿಜಕ್ಕೂ ಗಮನಿಸಿದ್ದು ನಾಲ್ಕರಲ್ಲಿ ಒಬ್ಬರು. ನಿನ್ನದಂತೂ ಮಾಮೂಲಿ ಬಟ್ಟೆ, ಅಲ್ವಾ?

ನಾಳೆಯಿಂದ ಇಷ್ಟು ಮಾಡು. ಮೂಲೆ ಬಿಟ್ಟು ಮೂರನೇ ಸಾಲಿಗೆ ಬಾ, ದಿನಾ ಅದೇ ಜಾಗದಲ್ಲಿ ಕೂರು. ಒಂದೇ ಮುಖ ನಾಲ್ಕು ದಿನ ಕಂಡರೆ ಜನ ತಾವಾಗಿಯೇ ತಲೆ ಆಡಿಸುತ್ತಾರೆ. ‘ಫ್ರೆಂಡ್ ಆಗ್ತೀರಾ’ ಅಂತ ಕೇಳುವುದು ಯಾರಿಗೂ ಕಷ್ಟವೇ. ‘ನಿನ್ನೆಯ ನೋಟ್ಸ್ ಒಂದ್ಸಲ ತೋರಿಸ್ತೀರಾ’ ಅಂತ ಕೇಳುವುದು ಕಷ್ಟವಲ್ಲ. ಎರಡು ದಿನ ಬಿಟ್ಟು, ‘ಊಟಕ್ಕೆ ಹೊರಟ್ರಾ? ನಾನೂ ಬರಲಾ?’ ಅಷ್ಟೇ ಸಾಕು. ನಗಿಸಬೇಕು, ಬುದ್ಧಿವಂತೆ ಅನ್ನಿಸಿಕೊಳ್ಳಬೇಕು ಅಂತೇನಿಲ್ಲ. ಅವರು ಹೇಳುವುದನ್ನು ಕೇಳಿಸಿಕೊಂಡು ಕೂತರೂ ಗಂಟೆ ಗಂಟೆಯೇ. ಯಾರಾದರೂ ಬೇಡ ಅನ್ನಬಹುದು. ಆಗ ಕ್ಲಾಸಿನಲ್ಲಿ ಇನ್ನೊಂದು ಮೂಲೆ ನೋಡು, ಅಲ್ಲೂ ನಿನ್ನಂಥವಳೊಬ್ಬಳು ಕೂತಿರುತ್ತಾಳೆ.

ಆ ರಾತ್ರಿ ಮಲಗಿದಾಗ ‘ಛೆ, ಯಾಕೆ ಹಾಗಂದೆ, ಏನಂದುಕೊಂಡಳೋ’ ಅಂತ ಶುರುವಾಗುತ್ತದೆ. ಖಂಡಿತ ಆಗುತ್ತದೆ, ಈಗಲೇ ಹೇಳಿರುತ್ತೇನೆ. 2018ರಲ್ಲೇ ಎರಿಕಾ ಬೂತ್‌ಬಿ ಮತ್ತು ಜೊತೆಗಾರರ ಒಂದು ಅಧ್ಯಯನ ಬಂದಿದೆ. ಹೊಸಬರ ಜೊತೆ ಮಾತಾಡಿದವರು, ಎದುರಿನವರಿಗೆ ತಾವು ಅಷ್ಟಾಗಿ ಇಷ್ಟವಾಗಲಿಲ್ಲ ಅಂದುಕೊಂಡಿದ್ದರು. ಎದುರಿನವರನ್ನು ಕೇಳಿದರೆ ಅದಕ್ಕಿಂತ ಜಾಸ್ತಿಯೇ ಇಷ್ಟಪಟ್ಟಿದ್ದರು. ಹಾಗಾಗಿ ಆ ಹೊತ್ತಿನ ನಿನ್ನ ತೀರ್ಪನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ.

ಪಾಠ ಅರ್ಥವಾಗದಿದ್ದರೆ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು, ಕ್ಲಾಸ್ ಮುಗಿದ ಮೇಲೆ ಮೇಷ್ಟರ ಹತ್ತಿರ ಹೋಗು. ಎಲ್ಲರ ಮುಂದೆ ಕೈ ಎತ್ತಲೇಬೇಕು ಅಂತ ಯಾರು ಹೇಳಿದರು?

ಕೋರ್ಸ್ ಬಿಡುವ ಯೋಚನೆಗೆ ಒಂದೇ ಪ್ರಶ್ನೆ. ಇದೇ ಪಾಠ ಹಳೇ ಗೆಳತಿಯರ ಜೊತೆ, ಮನೆ ಹತ್ತಿರವೇ ಸಿಕ್ಕಿದ್ದರೆ ಖುಷಿಯಾಗಿ ಓದುತ್ತಿದ್ದೆಯಾ? ಹೌದು ಅಂದರೆ ತಪ್ಪು ಕೋರ್ಸಿನದಲ್ಲ. ಆ ತೀರ್ಮಾನವನ್ನು ವರ್ಷದ ಕೊನೆಗೆ ತಳ್ಳು. ಪಾಠವೇ ಬೇಡ ಅನ್ನಿಸಿದರೆ ಮಾತು ಬೇರೆ, ಇನ್ನೊಂದು ಪತ್ರ ಬರೆ. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂತಾದರೆ ವರ್ಷದ ಕೊನೆಯವರೆಗೂ ಕಾಯಬೇಡ, ನನ್ನ ಉತ್ತರಕ್ಕೂ ಕಾಯಬೇಡ. ಅವತ್ತೇ ಅಮ್ಮನಿಗೆ ಹೇಳಿ, ಅಲ್ಲಿನ ಆಪ್ತ ಸಮಾಲೋಚಕರನ್ನೋ ಡಾಕ್ಟರನ್ನೋ ನೋಡು.

ಉಳಿದಿದ್ದು ನೀನು ಹೆಸರಿಟ್ಟ ಆ ಇಬ್ಬರು ಗೆಳತಿಯರು. ಇವತ್ತು ರಾತ್ರಿ ಅಮ್ಮನಿಗೆ ‘ಅವರಿಬ್ಬರೂ ಇಲ್ಲಮ್ಮ’ ಅಂತ ಹೇಳಿಬಿಡು. ಅಮ್ಮ ಬೆಚ್ಚಿಬೀಳುತ್ತಾರೆ ಅಂತ ನನಗೇನೂ ಅನ್ನಿಸುವುದಿಲ್ಲ. ಏಳು ವಾರದಲ್ಲಿ ಒಂದು ಸಲವೂ ಆ ಇಬ್ಬರ ದನಿ ನಿನ್ನ ಫೋನಿನಲ್ಲಿ ಕೇಳಿಸಿಲ್ಲ ಅನ್ನುವುದು ಅವರಿಗೆ ಗೊತ್ತಾಗದೆ ಇದ್ದೀತೆ?