ರೂಟ್ 53ರಲ್ಲಿ ಅಲಿಯಾಸ್ ಮತ್ತು ಫೇಲ್‌ಓವರ್
ಬರೀ ಡೊಮೈನ್ ಹೆಸರಿಗೆ (ಮುಂದೆ www ಇಲ್ಲದ್ದು) ಸಿನೇಮ್, ಅಂದರೆ ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತಿರುಗಿಸುವ ರೆಕಾರ್ಡ್ ಹಾಕಿ, ಲೋಡ್ ಬ್ಯಾಲೆನ್ಸರ್‌ಗೆ (ಟ್ರಾಫಿಕ್ಕನ್ನು ಸರ್ವರ್‌ಗಳಿಗೆ ಹಂಚುವ ಸೇವೆ) ಜೋಡಿಸೋಕೆ ಆಗುತ್ತಿಲ್ಲ ಅಂದಿದ್ದೀರಿ, ಒಂದು ಸರ್ವರ್ ಬಿದ್ದರೆ ಇನ್ನೊಂದಕ್ಕೆ ತಾನಾಗಿ ಹೋಗುತ್ತಾ ಅಂತಲೂ ಕೇಳಿದ್ದೀರಿ. ಡೊಮೈನ್ ಹೆಸರಿಗೆ ಐಪಿ ವಿಳಾಸ ಹೇಳುವ ಡಿಎನ್‌ಎಸ್ ಸೇವೆ ಅಮೆಜಾನ್ ರೂಟ್ 53ರಲ್ಲಿ ಎರಡಕ್ಕೂ ದಾರಿ ಇದೆ.

ಸಿನೇಮ್ ಇರುವ ಹೆಸರಿಗೆ ಬೇರೆ ರೆಕಾರ್ಡ್ ಇರಬಾರದು, ಆದರೆ ಬರೀ ಡೊಮೈನ್‌ಗೆ ಎನ್‌ಎಸ್ (ನೇಮ್‌ಸರ್ವರ್ ಯಾವುದು ಅಂತ ಹೇಳುವುದು), ಎಸ್‌ಒಎ (ಡೊಮೈನಿನ ಮೂಲ ವಿವರ) ರೆಕಾರ್ಡುಗಳು ಇದ್ದೇ ಇರುತ್ತವೆ ಅಲ್ವಾ, ಅದಕ್ಕೇ ಅದು ಒಪ್ಪುತ್ತಿಲ್ಲ. ಎ ರೆಕಾರ್ಡ್ (ಹೆಸರಿಗೆ ಐಪಿ ಕೊಡುವುದು) ಮಾಡಿ, ಅಲಿಯಾಸ್ (ಐಪಿ ಬದಲು ಅಮೆಜಾನ್ ಸೇವೆಯನ್ನೇ ತೋರಿಸುವ ಆಯ್ಕೆ) ಆನ್ ಮಾಡಿ, ಪಟ್ಟಿಯಿಂದ ನಿಮ್ಮ ಲೋಡ್ ಬ್ಯಾಲೆನ್ಸರ್ ಆರಿಸಿ. ಅದರ ಐಪಿ ಬದಲಾದರೂ ನೀವು ಏನೂ ಮುಟ್ಟಬೇಕಿಲ್ಲ, ಆ ಹೆಸರಿನ ಐಪಿ ಕೇಳಿ ಬರುವ ಕ್ವೆರಿಗಳಿಗೆ ದುಡ್ಡೂ ಇಲ್ಲ.

ಫೇಲ್‌ಓವರ್‌ಗೆ, ಅಂದರೆ ಒಂದು ಬಿದ್ದಾಗ ಇನ್ನೊಂದಕ್ಕೆ ತಾನಾಗಿ ಹೋಗೋಕೆ, ಪ್ರೈಮರಿ, ಸೆಕೆಂಡರಿ ಅಂತ ಎರಡು ರೆಕಾರ್ಡ್ ಮಾಡಿ, ಪ್ರೈಮರಿಗೆ ಹೆಲ್ತ್ ಚೆಕ್ (ಸರ್ವರ್ ಎದ್ದಿದೆಯಾ ಅಂತ ನೋಡುವುದು) ಜೋಡಿಸಿ. ಮಾಮೂಲಿಯಾಗಿ 30 ಸೆಕೆಂಡಿಗೊಮ್ಮೆ ನೋಡುತ್ತೆ, ಸತತ 3 ಸಲ ಉತ್ತರ ಬರದಿದ್ದರೆ ಸರ್ವರ್ ಬಿದ್ದಿದೆ ಅಂತ ಲೆಕ್ಕ. ಜಾಸ್ತಿ ದುಡ್ಡು ಕೊಟ್ಟರೆ 10 ಸೆಕೆಂಡಿಗೊಮ್ಮೆ.

ರೆಕಾರ್ಡಿಗೆ ನೇರ ಐಪಿ ಕೊಟ್ಟಿದ್ದರೆ ಟಿಟಿಎಲ್ (ಹಳೇ ಉತ್ತರವನ್ನು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಅನ್ನುವ ಲೆಕ್ಕ) 60 ಇಡಿ, ದಯವಿಟ್ಟು. ನಾನು 86400, ಅಂದರೆ ಒಂದು ಇಡೀ ದಿನ, ಹಾಗೇ ಬಿಟ್ಟಿದ್ದೆ. ಸರ್ವರ್ ಬಿದ್ದ ದಿನ ಸೆಕೆಂಡರಿ ಸರಿಯಾಗಿ ಎದ್ದು ನಿಂತಿದ್ದರೂ ಎಷ್ಟೋ ಗಿರಾಕಿಗಳಿಗೆ ಸಂಜೆವರೆಗೂ ಹಳೇ ಐಪಿಯೇ ಸಿಗುತ್ತಿತ್ತು, ಫೋನ್ ಮೇಲೆ ಫೋನ್.

ಮತ್ತೆ, ನೇಮ್‌ಸರ್ವರ್ ಬದಲಿಸುವ ಮೊದಲು ಎಂಎಕ್ಸ್ ರೆಕಾರ್ಡುಗಳನ್ನೂ (ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವುದು) ಹೊಸ ಹೋಸ್ಟೆಡ್ ಝೋನ್‌ಗೆ (ರೂಟ್ 53ರಲ್ಲಿ ಡೊಮೈನಿನ ರೆಕಾರ್ಡುಗಳಿರುವ ಜಾಗ) ಹಾಕಿಕೊಳ್ಳಿ, ಇಲ್ಲದಿದ್ದರೆ ಮೇಲ್ ನಿಂತುಹೋಗುತ್ತೆ.